ಹೆಬ್ಬೆರಳ ಬುಡದ ಗಂಟು: ಆಪರೇಷನ್‌ಗೆ ಮೊದಲು ಚಪ್ಪಲಿ ನೋಡಿ



ಕಳೆದ ಮಳೆಗಾಲದಲ್ಲಿ ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಗೊರಸಿನ ಆರೈಕೆ ಬಗ್ಗೆ ತರಬೇತಿ ಇಟ್ಟುಕೊಂಡಿದ್ದೆವು. ಪಶುವೈದ್ಯರು ವಿವರಿಸುತ್ತಿದ್ದರು: "ಕುಂಟುವ ಹಸು ಮೇವಿನ ಗೋದಲಿಗೆ ಹೋಗಲು ಹಿಂಜರಿಯುತ್ತದೆ. ಮೇವು ಕಡಿಮೆ ತಿಂದರೆ ಹಾಲು ಇಳಿಯುತ್ತದೆ. ಆದ್ದರಿಂದ ಕಾಲು ಎಳೆಯುವುದು ಕಂಡ ದಿನವೇ ಹೇಳಿ." ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಸದಸ್ಯೆ, "ಹಸು ಕುಂಟಿದ್ರೆ ಡಾಕ್ಟ್ರು ಮನೆಗೇ ಬರ್ತಾರೆ. ನಾವು ಕುಂಟಿದ್ರೆ ಯಾರಿಗೆ ಹೇಳೋದು ಮೇಡಂ?" ಎಂದರು. ಎಲ್ಲರೂ ನಕ್ಕರು. ಆಕೆ ನಗಲಿಲ್ಲ.

ಸಭೆ ಮುಗಿದ ಮೇಲೆ ಆಕೆಯನ್ನು ಪಕ್ಕಕ್ಕೆ ಕರೆದು ಕೇಳಿದೆ. ಸೀರೆಯ ಅಂಚು ಸ್ವಲ್ಪ ಎತ್ತಿ ಬಲಗಾಲು ತೋರಿಸಿದರು. ಹೆಬ್ಬೆರಳ ಬುಡದಲ್ಲಿ, ಪಾದದ ಒಳಮಗ್ಗುಲಲ್ಲಿ, ನೆಲ್ಲಿಕಾಯಿ ಗಾತ್ರದ ಗಂಟು. ಮೇಲಿನ ಚರ್ಮ ಕೆಂಪಾಗಿ ಉಜ್ಜಿಹೋಗಿತ್ತು. ಹೆಬ್ಬೆರಳು ನೇರವಾಗಿರದೆ ಪಕ್ಕದ ಬೆರಳಿನ ಮೇಲೆ ಒರಗಿತ್ತು. ಎರಡು ವರ್ಷದಿಂದ ನೋವು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ತೋರಿಸಿದಾಗ, "ಇದು ಬನಿಯನ್. ಆಪರೇಷನ್ ಮಾಡಿಸಿ. ಒಂದೂವರೆ ತಿಂಗಳು ಕೊಟ್ಟಿಗೆ ಕೆಲಸ ಬಿಡಬೇಕು" ಎಂದಿದ್ದರಂತೆ. ಎರಡು ಹಸು, ದಿನಕ್ಕೆ ಹದಿನೆಂಟು ಲೀಟರ್ ಹಾಲು. ಗಂಡ ಊರಲ್ಲಿಲ್ಲ, ಮಗಳು ಪಿ.ಯು.ಸಿ. "ಒಂದೂವರೆ ತಿಂಗಳು ಹಾಲು ಕರೆಯೋರು ಯಾರು? ಅದಕ್ಕೇ ಒಂದು ಹಸು ಮಾರೋಣ ಅಂತ ದಲ್ಲಾಳಿಗೆ ಹೇಳಿದೀನಿ" ಎಂದರು.

ನನಗೆ ಅವರ ಕಾಲಿಗಿಂತ ಮೊದಲು ಕಂಡದ್ದು ಬಾಗಿಲ ಬಳಿ ಬಿಟ್ಟಿದ್ದ ಅವರ ಚಪ್ಪಲಿ. ಸಂತೆಯಲ್ಲಿ ಕೊಂಡ ಗಟ್ಟಿ ಪ್ಲಾಸ್ಟಿಕ್ ಚಪ್ಪಲಿ, ಮುಂಭಾಗ ಚೂಪು, ಪಟ್ಟಿ ಸರಿಯಾಗಿ ಗಂಟಿನ ಮೇಲೇ ಕೂರುವಂಥದ್ದು. ಎರಡು ವರ್ಷದಲ್ಲಿ ಯಾರೂ ಆ ಚಪ್ಪಲಿಯ ಬಗ್ಗೆ ಒಂದು ಮಾತು ಕೇಳಿರಲಿಲ್ಲ.

ಆ ದಿನದ ನಂತರ ನಾನು ಹೋದ ಸಂಘಗಳಲ್ಲೆಲ್ಲ ಹೆಣ್ಣುಮಕ್ಕಳ ಪಾದ ಗಮನಿಸತೊಡಗಿದೆ. ಪ್ರತಿ ಊರಲ್ಲೂ ಈ ಗಂಟು ಇರುವವರು ಸಿಕ್ಕರು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಆದ್ದರಿಂದ ಈ ತಿಂಗಳ ಆರೋಗ್ಯ ಪುಟದಲ್ಲಿ ಇದರ ಬಗ್ಗೆಯೇ ಬರೆಯುತ್ತಿದ್ದೇನೆ.

ಏನಿದು ಬನಿಯನ್?

ಹೆಸರು ಕೇಳಿ ನಗು ಬರುವುದು ಸಹಜ. ಗಂಡಸರು ಅಂಗಿಯೊಳಗೆ ಹಾಕುವ ಬನಿಯನ್‌ಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ಈ ಗಂಟಿಗೆ ಇರುವ ಹೆಸರು ನಮ್ಮ ಕಿವಿಗೆ ಹಾಗೆ ಕೇಳುತ್ತದೆ, ಅಷ್ಟೆ. ವೈದ್ಯರ ಚೀಟಿಯಲ್ಲಿ 'ಹ್ಯಾಲಕ್ಸ್ ವ್ಯಾಲ್ಗಸ್' ಎಂದು ಬರೆದಿದ್ದರೆ ಅದೂ ಇದೇ.

ಇದು ಹೊಸದಾಗಿ ಬೆಳೆದ ಗೆಡ್ಡೆಯಲ್ಲ, ಕ್ಯಾನ್ಸರ್ ಅಲ್ಲ. ಪಾದದಲ್ಲಿ ಹೆಬ್ಬೆರಳಿಗೆ ಸೇರುವ ಉದ್ದನೆಯ ಮೂಳೆ ನಿಧಾನವಾಗಿ ಹೊರಕ್ಕೆ ವಾಲುತ್ತದೆ. ಹೆಬ್ಬೆರಳು ಅದಕ್ಕೆ ಎದುರಾಗಿ ಪಕ್ಕದ ಬೆರಳಿನ ಕಡೆ ಬಾಗುತ್ತದೆ. ಎರಡೂ ಸೇರುವ ಕೀಲು ಮಂಡಿಯಂತೆ ಹೊರಗೆ ಚಾಚಿಕೊಳ್ಳುತ್ತದೆ. ನಾವು ಗಂಟು ಎನ್ನುವುದು ಆ ಕೀಲಿನ ತುದಿಯನ್ನೇ. ಅದರ ಮೇಲೆ ಚಪ್ಪಲಿ ಉಜ್ಜಿದಾಗ ಚರ್ಮದ ಕೆಳಗಿನ ನೀರಿನ ಚೀಲ ಊದಿಕೊಂಡು ಕೆಂಪಾಗಿ ನೋಯುತ್ತದೆ.

ಕೀಲು ಎಷ್ಟು ವಾಲಿದೆ ಎಂಬುದನ್ನು ವೈದ್ಯರು ನಿಂತುಕೊಂಡು ತೆಗೆಸಿದ ಎಕ್ಸ್-ರೇಯಲ್ಲಿ ಅಳೆಯುತ್ತಾರೆ. ಹೆಬ್ಬೆರಳ ಓರೆ ಸುಮಾರು 15 ಡಿಗ್ರಿ ಮೀರಿದರೆ ಬನಿಯನ್ ಎನ್ನುತ್ತಾರೆ. ಆದರೆ ಓರೆ ಎಷ್ಟು, ನೋವು ಎಷ್ಟು ಎಂಬುದಕ್ಕೆ ನೇರ ಲೆಕ್ಕವಿಲ್ಲ. ದೊಡ್ಡ ಗಂಟು ಇದ್ದೂ ನೋವೇ ಇಲ್ಲದವರಿದ್ದಾರೆ. ಸಣ್ಣ ಗಂಟಿಗೇ ನಡೆಯಲಾಗದವರೂ ಇದ್ದಾರೆ.

ಯಾರಿಗೆ, ಏಕೆ ಬರುತ್ತದೆ?

ನಿಮ್ಮೊಬ್ಬರಿಗೇ ಬಂದ ಕಾಯಿಲೆ ಎಂದು ತಿಳಿಯಬೇಡಿ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2010ರಲ್ಲಿ ಪ್ರಕಟವಾದ ವರದಿಯ ಪ್ರಕಾರ 18ರಿಂದ 65 ವರ್ಷದವರಲ್ಲಿ ಸುಮಾರು ಶೇ. 23, 65 ದಾಟಿದವರಲ್ಲಿ ಸುಮಾರು ಶೇ. 35 ಮಂದಿಗೆ ಇದು ಇರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಮೊದಲ ಕಾರಣ ಮನೆತನ. ತಾಯಿಗೋ ಅಜ್ಜಿಗೋ ಇದ್ದರೆ ಮಗಳಿಗೂ ಬರುವ ಸಂಭವ ಹೆಚ್ಚು. ಗಂಟು ನೇರವಾಗಿ ಬರುವುದಕ್ಕಿಂತ ಪಾದದ ಆಕಾರ, ಕೀಲುಗಳ ಸಡಿಲತನ ವಂಶದಲ್ಲಿ ಬರುತ್ತದೆ. ಚಪ್ಪಟೆ ಪಾದ ಇದ್ದವರಲ್ಲಿ ಮತ್ತು ಕೀಲುವಾತ, ಅಂದರೆ ರುಮಟಾಯ್ಡ್ ಸಂಧಿವಾತ ಇದ್ದವರಲ್ಲಿಯೂ ಹೆಚ್ಚು ಕಾಣುತ್ತದೆ.

ಎರಡನೆಯದು ಪಾದರಕ್ಷೆ. 1958ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಒಂದು ಅಧ್ಯಯನ ಶೂ ಹಾಕುವವರನ್ನೂ ಬರಿಗಾಲಲ್ಲೇ ಬದುಕಿದವರನ್ನೂ ಹೋಲಿಸಿತು. ಶೂ ಹಾಕುವವರಲ್ಲಿ ಶೇ. 33 ಮಂದಿಗೆ ಹೆಬ್ಬೆರಳು ಓರೆಯಾಗಿತ್ತು. ಬರಿಗಾಲಿನವರಲ್ಲಿ ಶೇ. 2ಕ್ಕಿಂತ ಕಡಿಮೆ. ಇಕ್ಕಟ್ಟಾದ ಪಾದರಕ್ಷೆ ಎಲ್ಲರಿಗೂ ಬನಿಯನ್ ತರುವುದಿಲ್ಲ. ಆದರೆ ಬರುವ ಗುಣವಿದ್ದ ಪಾದವನ್ನು ಅದು ದೂಡುತ್ತದೆ, ಬಂದ ಗಂಟನ್ನು ನೋಯಿಸುತ್ತದೆ.

ನಮ್ಮ ವಿಷಯದಲ್ಲಿ ಇನ್ನೊಂದು ತೊಂದರೆಯಿದೆ. ಅಂಗಡಿಗೆ ಬರುವ ಚಪ್ಪಲಿಗಳ ಅಳತೆ ಬಹುಕಾಲದಿಂದ ಯುರೋಪ್, ಇಂಗ್ಲೆಂಡಿನವರ ಪಾದದ ಲೆಕ್ಕದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಐದು ವಲಯಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು ನೋಡಿತು. ಭಾರತೀಯರ ಪಾದ ಅವರಿಗಿಂತ ಅಗಲ ಎಂದು ಗೊತ್ತಾಯಿತು. ಅಗಲಕ್ಕೆ ಹೊಂದಲಿ ಎಂದು ನಾವು ಉದ್ದದ ಚಪ್ಪಲಿ ಕೊಳ್ಳುತ್ತೇವೆ. ಅದು ಸಡಿಲವಾಗಿ ಪಾದ ಮುಂದಕ್ಕೆ ಜಾರುತ್ತದೆ. ಉದ್ದಕ್ಕೆ ಸರಿಯಾದದ್ದು ಕೊಂಡರೆ ಬೆರಳು ಹಿಚುಕುತ್ತದೆ. ಅಂದರೆ ತಪ್ಪು ನಿಮ್ಮ ಪಾದದ್ದಲ್ಲ.

ನಮ್ಮ ಕೆಲಸ, ನಮ್ಮ ಕಾಲು

ಬೆಳಗಿನ ಐದು ಗಂಟೆಯಿಂದ ನಮ್ಮ ಪಾದ ಏನೇನು ಮಾಡುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ಸಗಣಿ ಬಾಚುವುದು, ಕೊಟ್ಟಿಗೆ ತೊಳೆಯುವುದು, ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವುದು, ಕ್ಯಾನು ಹಿಡಿದು ಡೇರಿಗೆ ನಡೆಯುವುದು, ಸಾಲಿನಲ್ಲಿ ನಿಲ್ಲುವುದು, ಹುಲ್ಲಿನ ಹೊರೆ ತರುವುದು. ಸಂಜೆ ಅದೇ ಮತ್ತೊಮ್ಮೆ.

ಇದರಲ್ಲಿ ಹೆಬ್ಬೆರಳ ಬುಡಕ್ಕೆ ಹೊರೆ ಬೀಳುವ ಮೂರು ಜಾಗಗಳಿವೆ.

ಒಂದು, ಹವಾಯಿ ಚಪ್ಪಲಿ. ಹಿಂದೆ ಪಟ್ಟಿ ಇಲ್ಲದ್ದರಿಂದ ಅದು ಕಾಲಿನಿಂದ ಜಾರದಂತೆ ನಮಗೆ ಗೊತ್ತಿಲ್ಲದೆಯೇ ಬೆರಳು ಮಡಚಿ ಹಿಡಿಯುತ್ತೇವೆ. ಒದ್ದೆ ನೆಲದಲ್ಲಿ, ಕೈಯಲ್ಲಿ ಹತ್ತು ಲೀಟರ್ ಹಾಲಿದ್ದಾಗ ಇನ್ನೂ ಬಿಗಿಯಾಗಿ ಹಿಡಿಯುತ್ತೇವೆ. ದಿನವಿಡೀ ಹೀಗೆ ಹಿಡಿದರೆ ನೋವಿರುವ ಕೀಲು ದಣಿಯದೆ ಇರುವುದಿಲ್ಲ.

ಎರಡು, ಕುಕ್ಕರಗಾಲು. ಹಿಮ್ಮಡಿ ಎತ್ತಿ ಕೂತಾಗ ಮೈಭಾರವೆಲ್ಲ ಪಾದದ ಮುಂಭಾಗಕ್ಕೆ ಬೀಳುತ್ತದೆ. ಹೆಬ್ಬೆರಳ ಕೀಲು ಪೂರ್ತಿ ಮಡಚಿಕೊಳ್ಳುತ್ತದೆ.

ಮೂರು, ಗಂಬೂಟು. ಅದು ಒಳ್ಳೆಯದೇ, ಆದರೆ ಹೆಚ್ಚಿನ ಮನೆಗಳಲ್ಲಿ ಇರುವುದು ಗಂಡನ ಅಳತೆಯ ಒಂದೇ ಜೊತೆ. ದೊಡ್ಡ ಬೂಟಿನೊಳಗೆ ಪಾದ ಮುಂದಕ್ಕೂ ಹಿಂದಕ್ಕೂ ಜಾರಿ ಗಂಟು ಉಜ್ಜುತ್ತದೆ.

ಹೀಗೆಂದು ನೋವು ತಾಳಲಾರದೆ ಬರಿಗಾಲಲ್ಲಿ ಕೊಟ್ಟಿಗೆಗೆ ಇಳಿಯಬೇಡಿ. ದನದ ಮೂತ್ರ ಬೆರೆತ ನೀರಿನಿಂದ ಇಲಿಜ್ವರ, ಸಗಣಿ ಮಣ್ಣಿನ ಗಾಯದಿಂದ ಧನುರ್ವಾಯು ಬರಬಹುದು. ಹಸು ಪಾದ ತುಳಿದರಂತೂ ಹೇಳಬೇಕಿಲ್ಲ. ಮನೆಯೊಳಗಿನ ಸ್ವಚ್ಛ ನೆಲದಲ್ಲಿ ಬರಿಗಾಲು ಹಿತವಾದರೆ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಅದೂ ಬೇಡ.

ಕ್ಯಾಲೆಂಡರ್ ಹಾಳೆಯ ಪರೀಕ್ಷೆ

ತಾಲ್ಲೂಕು ಆಸ್ಪತ್ರೆಯ ಮೂಳೆ ವೈದ್ಯರು ಆ ಸದಸ್ಯೆಗೆ ಮೊದಲು ಮಾಡಿಸಿದ್ದು ಇದನ್ನೇ. ಖರ್ಚಿಲ್ಲ, ಐದು ನಿಮಿಷ ಸಾಕು.

ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯ ಮೇಲೆ ಸಂಜೆ ಹೊತ್ತಿನಲ್ಲಿ ಬರಿಗಾಲಲ್ಲಿ ನಿಂತುಕೊಳ್ಳಿ. ಸಂಜೆಯೇ ಏಕೆಂದರೆ ದಿನದ ಕೆಲಸದಿಂದ ಪಾದ ಸ್ವಲ್ಪ ಊದಿರುತ್ತದೆ. ಕೂತು ಅಳೆಯಬೇಡಿ, ಭಾರ ಬಿದ್ದಾಗ ಪಾದ ಅಗಲವಾಗುತ್ತದೆ. ಮಗಳಿಂದಲೋ ಸೊಸೆಯಿಂದಲೋ ಪಾದದ ಸುತ್ತ ಪೆನ್ಸಿಲ್ ನೇರವಾಗಿ ಹಿಡಿದು ಗೆರೆ ಎಳೆಸಿ. ಎರಡೂ ಪಾದ ಬರೆಸಿ. ಈಗ ನೀವು ದಿನವೂ ಹಾಕುವ ಚಪ್ಪಲಿಯನ್ನು ಆ ಚಿತ್ರದ ಮೇಲಿಡಿ. ಗೆರೆ ಚಪ್ಪಲಿಯಿಂದ ಹೊರಗೆ ಕಂಡರೆ, ಅಷ್ಟು ಪಾದವನ್ನು ನೀವು ದಿನವೂ ಹಿಚುಕುತ್ತಿದ್ದೀರಿ.

ಆಕೆಯ ಹಾಳೆಯಲ್ಲಿ ಹೆಬ್ಬೆರಳ ಕಡೆ ಒಂದು ಬೆರಳಗಲ ಗೆರೆ ಹೊರಗಿತ್ತು. "ಇಷ್ಟು ದಿನ ಇದರೊಳಗೆ ಹೆಂಗೆ ತುರುಕಿದ್ನೋ" ಎಂದು ಆಕೆಯೇ ಬೆರಗಾದರು.

ಆ ಹಾಳೆಯನ್ನು ಎಸೆಯಬೇಡಿ. ಗೆರೆಯ ಮೇಲೆ ಕತ್ತರಿಸಿ ಮಡಚದೆ ಚೀಲದಲ್ಲಿಟ್ಟುಕೊಂಡು ಚಪ್ಪಲಿ ಕೊಳ್ಳಲು ಹೋಗಿ. ಅಂಗಡಿಯವರು ಕೊಡುವ ನಂಬರಿಗಿಂತ ಈ ಹಾಳೆಯನ್ನು ನಂಬಿ. ಒಂದು ಕಂಪನಿಯ ಆರು ನಂಬರ್ ಇನ್ನೊಂದು ಕಂಪನಿಯ ಆರರಂತೆ ಇರುವುದಿಲ್ಲ.

ಎಂಥ ಚಪ್ಪಲಿ ಕೊಳ್ಳಬೇಕು?

- ಮುಂಭಾಗ ಅಗಲ, ಗುಂಡಗೆ. ಐದೂ ಬೆರಳು ಒಂದರ ಮೇಲೊಂದು ಹತ್ತದೆ ಹರಡಿಕೊಳ್ಳಬೇಕು. ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಲಿ.
- ಪಟ್ಟಿ ಗಂಟಿನ ಮೇಲೆ ಕೂರಬಾರದು. ಗಂಟಿನ ಹಿಂದೆ, ಪಾದದ ಮೇಲ್ಭಾಗಕ್ಕೆ ಬರುವ ಅಗಲವಾದ ಮೆತ್ತನೆಯ ಪಟ್ಟಿ ಒಳ್ಳೆಯದು. ಅಂಟುವ ಪಟ್ಟಿ ಅಥವಾ ಬಕಲ್ ಇದ್ದರೆ ಸಂಜೆ ಊದಿದಾಗ ಸಡಿಲಿಸಬಹುದು. ಗಂಟಿರುವ ಜಾಗದಲ್ಲಿ ಹೊಲಿಗೆಯ ಅಂಚು ಇರಬಾರದು.
- ಹಿಮ್ಮಡಿಗೆ ಪಟ್ಟಿ ಇರಲಿ. ಆಗ ಬೆರಳಿನಿಂದ ಚಪ್ಪಲಿ ಹಿಡಿಯುವ ಕೆಲಸ ತಪ್ಪುತ್ತದೆ.
- ಹಿಮ್ಮಡಿ ಎತ್ತರ ಒಂದು ಇಂಚಿಗಿಂತ ಕಡಿಮೆ. ಹಿಮ್ಮಡಿ ಎತ್ತರವಾದಷ್ಟೂ ಭಾರ ಮುಂದಕ್ಕೆ ನೂಕುತ್ತದೆ.
- ಅಡಿ ದಪ್ಪ, ಹಿಡಿತವಿರುವಂಥದ್ದು. ಎರಡು ಕೈಯಲ್ಲಿ ಹಿಡಿದು ಬಟ್ಟೆ ಹಿಂಡಿದಂತೆ ತಿರುಚಿ ನೋಡಿ. ಸಲೀಸಾಗಿ ತಿರುಚಿದರೆ ಬೇಡ. ಬೆರಳಿನ ಬುಡದಲ್ಲಿ ಮಾತ್ರ ಬಾಗಬೇಕು.
- ಅಂಗಡಿಯಲ್ಲೇ ಎರಡೂ ಕಾಲಿಗೆ ಹಾಕಿ ನಡೆದು ನೋಡಿ. ದೊಡ್ಡ ಪಾದಕ್ಕೆ ಹೊಂದುವ ಜೊತೆ ಕೊಳ್ಳಿ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂಬ ಮಾತಿಗೆ ಮರುಳಾಗಬೇಡಿ. ಮೊದಲ ದಿನ ನೋಯಿಸುವ ಚಪ್ಪಲಿ ನಮ್ಮದಲ್ಲ.

ಸಕ್ಕರೆ ಕಾಯಿಲೆಯವರಿಗೆ ಕೊಡುವ ಎಂ.ಸಿ.ಆರ್. ಚಪ್ಪಲಿಯನ್ನು ನೀವು ನೋಡಿರಬಹುದು. ಒಳಗಿನ ಮೆತ್ತನೆಯ ರಬ್ಬರ್ ಪಾದದ ಭಾರವನ್ನು ಹಂಚುತ್ತದೆ. ಅಗಲವಾದ, ಹಿಮ್ಮಡಿ ಪಟ್ಟಿಯಿರುವ ಎಂ.ಸಿ.ಆರ್. ಚಪ್ಪಲಿ ಬನಿಯನ್ ಇರುವ ಅನೇಕರಿಗೆ ಹಿತವಾಗುತ್ತದೆ. ದೊಡ್ಡ ಔಷಧಿ ಅಂಗಡಿಗಳಲ್ಲಿ, ಕೃತಕ ಕಾಲು ಮಾಡುವ ಕೇಂದ್ರಗಳಲ್ಲಿ ಸಿಗುತ್ತದೆ.

ಹೊಸದು ಕೊಳ್ಳಲು ಈಗ ಆಗದಿದ್ದರೆ ಸಂತೆಯಲ್ಲಿ ಕೂರುವ ಚಪ್ಪಲಿ ಹೊಲಿಯುವವರ ಬಳಿ ಹೋಗಿ. ಗಂಟಿನ ಮೇಲೆ ಬರುವ ಪಟ್ಟಿಯನ್ನು ಬಿಚ್ಚಿ ಹಿಂದಕ್ಕೆ ಹೊಲಿದುಕೊಡುವುದು, ಹಿಮ್ಮಡಿಗೆ ಪಟ್ಟಿ ಸೇರಿಸುವುದು, ಚರ್ಮವನ್ನು ಆ ಜಾಗದಲ್ಲಿ ಉಬ್ಬಿಸಿ ಸಡಿಲಿಸುವುದು ಅವರ ಕೈಗೆ ಬಂದ ವಿದ್ಯೆ. ಅವರಿಗೂ ಆ ಕಾಗದದ ಪಾದ ತೋರಿಸಿ.

ಕೊಟ್ಟಿಗೆಗೇ ಒಂದು ಪ್ರತ್ಯೇಕ ಜೊತೆ ಇರಲಿ. ನಿಮ್ಮದೇ ಅಳತೆಯ ಗಂಬೂಟು, ಒಳಗೆ ಹತ್ತಿಯ ಕಾಲುಚೀಲ. ಚಿಕ್ಕ ಅಳತೆ ಸಿಗದಿದ್ದರೆ ಒಳಗೆ ಮೆತ್ತೆ ಹಾಕಿ ಜಾರದಂತೆ ಮಾಡಿಕೊಳ್ಳಿ. ಕೆಲಸ ಮುಗಿದೊಡನೆ ಕಳಚಿ, ಪಾದ ತೊಳೆದು ಬೆರಳ ಸಂದುಗಳನ್ನು ಒರೆಸಿ ಒಣಗಿಸಿ.

ಮದುವೆ ಮನೆಗೆ ಹಾಕುವ ಎತ್ತರದ ಚಪ್ಪಲಿಯನ್ನು ಪೂರ್ತಿ ಬಿಡಿ ಎಂದು ಹೇಳುವುದಿಲ್ಲ. ಛತ್ರದ ಬಾಗಿಲವರೆಗೆ ನಿಮ್ಮ ಅಗಲದ ಚಪ್ಪಲಿಯಲ್ಲೇ ಹೋಗಿ, ಫೋಟೋ ಹೊತ್ತಿಗೆ ಅದನ್ನು ಹಾಕಿಕೊಳ್ಳಿ.

ಕಾಲುಂಗುರದ ಮಾತು

ಹೆಬ್ಬೆರಳು ಒರಗುವುದು ಕಾಲುಂಗುರ ಹಾಕುವ ಬೆರಳಿನ ಮೇಲೆಯೇ. ಉಂಗುರದ ಅಂಚು ಎರಡು ಬೆರಳಿನ ನಡುವೆ ಸಿಕ್ಕಿ ಚರ್ಮ ಕತ್ತರಿಸುವುದನ್ನು, ಸಗಣಿ ನೀರು ಸೇರಿ ಕೀವಾಗುವುದನ್ನು ನಾನು ನೋಡಿದ್ದೇನೆ. ಬೆರಳು ಊದಿದಾಗ ಉಂಗುರ ಬಿಗಿದು ರಕ್ತ ಓಡಾಟಕ್ಕೂ ತೊಂದರೆ ಆಗಬಹುದು. ಸುತ್ತು ಕಡಿಮೆ ಇರುವ, ನುಣುಪಾದ, ಬಾಯಿ ತೆರೆದ ಉಂಗುರಕ್ಕೆ ಬದಲಿಸಿಕೊಳ್ಳಿ. ಹುಣ್ಣಾಗಿದ್ದರೆ ಮಾಯುವವರೆಗೆ ತೆಗೆದು ದೇವರ ಮುಂದೆ ಇಡಿ. ಮನೆಯ ಹಿರಿಯರಿಗೆ ಗಾಯ ತೋರಿಸಿ ಹೇಳಿದರೆ ಬೇಡ ಎನ್ನುವವರು ಕಡಿಮೆ.

ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು

ಕೆಂಪಾಗಿ ಊದಿದ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತರಿಂದ ಹದಿನೈದು ನಿಮಿಷ ಇಡಿ. ಮಂಜುಗಡ್ಡೆ ನೇರವಾಗಿ ಚರ್ಮಕ್ಕೆ ಬೇಡ. ಪಾದವನ್ನು ದಿಂಬಿನ ಮೇಲೆ ಎತ್ತರಿಸಿ ಮಲಗಿ.

ಔಷಧಿ ಅಂಗಡಿಯಲ್ಲಿ ಸಿಲಿಕಾನ್ ಮೆತ್ತೆ, ಬೆರಳ ನಡುವೆ ಇಡುವ ತುಂಡು ಸಿಗುತ್ತವೆ. ಉಜ್ಜುವುದನ್ನು ತಡೆಯಲು ಇವು ಸಹಾಯ ಮಾಡುತ್ತವೆ. ಆದರೆ ಚಪ್ಪಲಿ ಅಗಲವಾಗಿದ್ದರೆ ಮಾತ್ರ. ಇಕ್ಕಟ್ಟಾದ ಚಪ್ಪಲಿಯೊಳಗೆ ಮೆತ್ತೆ ತುರುಕಿದರೆ ಒತ್ತಡ ಹೆಚ್ಚುತ್ತದೆ. ರಾತ್ರಿ ಕಟ್ಟಿಕೊಂಡು ಮಲಗಿದರೆ ಗಂಟು ಮಾಯವಾಗುತ್ತದೆ ಎಂದು ಮೊಬೈಲಿನಲ್ಲಿ ಜಾಹೀರಾತು ಬರುತ್ತದೆ. ನಂಬಬೇಡಿ. ದೊಡ್ಡವರಲ್ಲಿ ವಾಲಿದ ಮೂಳೆಯನ್ನು ಯಾವ ಪಟ್ಟಿಯೂ ಶಾಶ್ವತವಾಗಿ ನೇರ ಮಾಡದು.

ದಿನಕ್ಕೆ ಐದು ನಿಮಿಷದ ವ್ಯಾಯಾಮ ಒಳ್ಳೆಯದು. ಕೂತುಕೊಂಡು ಪಾದ ನೆಲಕ್ಕಿಟ್ಟು ಐದೂ ಬೆರಳು ಹರಡಿ ಸಡಿಲಿಸಿ, ಹತ್ತು ಬಾರಿ. ಹೆಬ್ಬೆರಳನ್ನು ಕೈಯಲ್ಲಿ ಹಿಡಿದು ನೋಯದಷ್ಟು ನೇರಕ್ಕೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಿರಿ. ಮಕ್ಕಳ ಗೋಲಿಗಳನ್ನು ನೆಲದ ಮೇಲೆ ಚೆಲ್ಲಿ ಕಾಲ್ಬೆರಳಿನಿಂದ ಹೆಕ್ಕಿ ಬಟ್ಟಲಿಗೆ ಹಾಕಿ. ಗೋಡೆಗೆ ಕೈಕೊಟ್ಟು ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮೀನಖಂಡವನ್ನು ಎಳೆದು ಹಿಡಿಯಿರಿ. ಇದರಿಂದ ಗಂಟು ಕರಗುವುದಿಲ್ಲ. ಕೀಲು ಬಿಗಿಯಾಗದೆ ಓಡಾಟ ಸಲೀಸಾಗುತ್ತದೆ.

ಹಾಲು ಕರೆಯಲು ಒಂದು ಗೇಣೆತ್ತರದ ಮಣೆ ಅಥವಾ ಸ್ಟೂಲ್ ಮಾಡಿಸಿಕೊಳ್ಳಿ. ಹಿಮ್ಮಡಿ ನೆಲಕ್ಕೆ ತಾಗಿರಲಿ. ಡೇರಿಯ ಸಾಲಿನಲ್ಲಿ ನಿಲ್ಲುವ ಜಾಗದಲ್ಲಿ ಒಂದು ಬೆಂಚು ಹಾಕಿಸಲು ಆಡಳಿತ ಮಂಡಳಿಗೆ ಅರ್ಜಿ ಕೊಡಿ. ಹಸು ಗಟ್ಟಿ ನೆಲದಲ್ಲಿ ನಿಂತು ನೋಯಬಾರದು ಎಂದು ರಬ್ಬರ್ ಮ್ಯಾಟ್ ಹಾಸುತ್ತೇವೆ. ಅದೇ ಲೆಕ್ಕ ನಮ್ಮ ಕಾಲಿಗೂ ಇರಲಿ.

ಇವು ಬೇಡ

- ಗಂಟಿನ ಮೇಲಿನ ಗಟ್ಟಿ ಚರ್ಮವನ್ನು ಬ್ಲೇಡಿನಿಂದ ಕೆತ್ತಬೇಡಿ.
- ಸುಡುವ ಲೇಪ, ಬರೆ, ಬಿಗಿಯಾದ ದಾರ ಬೇಡ.
- ಹಸುವಿಗೆ ತಂದ ನೋವಿನ ಔಷಧಿ, ಮುಲಾಮು ನಿಮ್ಮ ಕಾಲಿಗೆ ಬೇಡವೇ ಬೇಡ.
- ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ವಾರಗಟ್ಟಲೆ ನುಂಗಬೇಡಿ. ಹೊಟ್ಟೆ ಹುಣ್ಣು, ಮೂತ್ರಪಿಂಡಕ್ಕೆ ಹಾನಿ ಆಗಬಹುದು. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಕೂಡಲೇ ವೈದ್ಯರಿಗೆ ತೋರಿಸಬೇಕಾದದ್ದು

ಹೆಬ್ಬೆರಳ ಬುಡದ ನೋವೆಲ್ಲ ಬನಿಯನ್ ಅಲ್ಲ. ರಾತ್ರೋರಾತ್ರಿ ಕೀಲು ಕೆಂಪಾಗಿ, ಬಿಸಿಯಾಗಿ, ಹೊದಿಕೆ ತಾಗಿದರೂ ಸಹಿಸಲಾಗದಷ್ಟು ನೋವು ಬಂದರೆ ಅದು ಯೂರಿಕ್ ಆಮ್ಲದ ಗೌಟ್ ಇರಬಹುದು. ಬೆಳಗ್ಗೆ ಎದ್ದಾಗ ಕೈಬೆರಳು, ಮಣಿಕಟ್ಟು ಎಲ್ಲ ಬಿಗಿದು ಬಹಳ ಹೊತ್ತು ಸಡಿಲಾಗದಿದ್ದರೆ ಸಂಧಿವಾತದ ರಕ್ತ ಪರೀಕ್ಷೆ ಬೇಕು. ಗಂಟಿನ ಮೇಲೆ ಹುಣ್ಣು, ಕೀವು, ಜ್ವರ ಇದ್ದರೆ, ಬೆರಳು ಮರಗಟ್ಟಿದರೆ, ಹಸು ತುಳಿದ ಮೇಲೆ ನೋವು ಶುರುವಾದರೆ ತಡ ಮಾಡಬೇಡಿ. ಸಕ್ಕರೆ ಕಾಯಿಲೆ ಇರುವವರು ಪಾದದ ಸಣ್ಣ ಗಾಯವನ್ನೂ ಅದೇ ದಿನ ತೋರಿಸಿ.

ಹಾಗಾದರೆ ಆಪರೇಷನ್ ಬೇಡವೇ?

ಬೇಡ ಎಂದು ಈ ಲೇಖನ ಹೇಳುತ್ತಿಲ್ಲ. ಮೊದಲು ಚಪ್ಪಲಿ, ಆಮೇಲೆ ಆಪರೇಷನ್ ಎಂದಷ್ಟೇ ಹೇಳುತ್ತಿದೆ. ಫಿನ್‌ಲ್ಯಾಂಡಿನಲ್ಲಿ 209 ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆಪರೇಷನ್, ಒಂದಕ್ಕೆ ಪಾದರಕ್ಷೆಯೊಳಗಿನ ವಿಶೇಷ ಮೆತ್ತೆ, ಇನ್ನೊಂದಕ್ಕೆ ಕಾದು ನೋಡುವುದು. ಆರು ತಿಂಗಳಿಗೆ ಮೆತ್ತೆಯವರಿಗೂ ನೋವು ಕಡಿಮೆಯಾಗಿತ್ತು. ವರ್ಷದ ಕೊನೆಗೆ ಆಪರೇಷನ್ ಆದವರೇ ಹೆಚ್ಚು ಸುಧಾರಿಸಿದ್ದರು. ಆದ್ದರಿಂದ ನಿಜವಾಗಿ ಬೇಕಾದವರಿಗೆ ಆಪರೇಷನ್ ಒಳ್ಳೆಯ ಚಿಕಿತ್ಸೆಯೇ.

ಯಾರಿಗೆ ಬೇಕು? ಅಗಲದ ಚಪ್ಪಲಿ, ಮೆತ್ತೆ, ವ್ಯಾಯಾಮ ಇವನ್ನೆಲ್ಲ ಕೆಲವು ತಿಂಗಳು ಸರಿಯಾಗಿ ಮಾಡಿದ ಮೇಲೂ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವಿದ್ದವರಿಗೆ. ಹೆಬ್ಬೆರಳು ಪಕ್ಕದ ಬೆರಳಿನ ಕೆಳಗೆ ನುಗ್ಗಿ ಅದನ್ನು ಎತ್ತಿಹಾಕಿದವರಿಗೆ. ಹುಣ್ಣು ಮತ್ತೆ ಮತ್ತೆ ಆಗುವವರಿಗೆ. ನೋವಿಲ್ಲದೆ ಬರೀ ನೋಡಲು ಚೆನ್ನಾಗಿಲ್ಲ ಎಂದು, ಅಥವಾ ಮುಂದೆ ದೊಡ್ಡದಾದೀತು ಎಂಬ ಹೆದರಿಕೆಗೆ ಮಾಡಿಸುವ ಆಪರೇಷನ್ ಅಲ್ಲ ಇದು.

ಆಪರೇಷನ್ ಎಂದರೆ ಗಂಟು ಕೆತ್ತುವುದಷ್ಟೇ ಅಲ್ಲ. ಸಾಮಾನ್ಯವಾಗಿ ಮೂಳೆಯನ್ನು ಕತ್ತರಿಸಿ, ನೇರಕ್ಕೆ ಸರಿಸಿ, ಸ್ಕ್ರೂ ಹಾಕಿ ಕೂಡಿಸುತ್ತಾರೆ. ಕತ್ತರಿಸಿದ ಮೂಳೆ ಕೂಡಲು ಆರು ವಾರದಷ್ಟು ಬೇಕು. ಅಷ್ಟು ದಿನ ವಿಶೇಷ ಗಟ್ಟಿ ಚಪ್ಪಲಿ ಹಾಕಿ ಸ್ವಲ್ಪ ಸ್ವಲ್ಪ ನಡೆಯಲು ಬಿಡಬಹುದು. ಸಗಣಿ, ಗಂಜಲದ ನೀರು ಗಾಯಕ್ಕೆ ತಾಗಬಾರದು. ಊತ ಪೂರ್ತಿ ಇಳಿಯಲು ಆರು ತಿಂಗಳೂ ಹಿಡಿಯಬಹುದು. ಕೆಲವರಲ್ಲಿ ಕೀಲು ಬಿಗಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ, ವರ್ಷಗಳ ಮೇಲೆ ಹೆಬ್ಬೆರಳು ಮತ್ತೆ ವಾಲುತ್ತದೆ. ಆಪರೇಷನ್ ಆದ ಮೇಲೂ ಚೂಪು ಚಪ್ಪಲಿಗೆ ಮರಳುವಂತಿಲ್ಲ. ಚಪ್ಪಲಿಯ ಪಾಠ ಹೇಗೂ ಕಲಿಯಲೇಬೇಕು.

ನಿರ್ಧಾರ ಮಾಡುವ ಮೊದಲು ವೈದ್ಯರಿಗೆ ನಾಲ್ಕು ಪ್ರಶ್ನೆ ಕೇಳಿ. ನನ್ನ ಕಾಲಿಗೆ ಯಾವ ಬಗೆಯ ಆಪರೇಷನ್? ಎಷ್ಟು ದಿನಕ್ಕೆ ಕೊಟ್ಟಿಗೆ ಕೆಲಸಕ್ಕೆ ಇಳಿಯಬಹುದು? ಆಗಬಹುದಾದ ತೊಂದರೆಗಳೇನು? ಒಟ್ಟು ಖರ್ಚೆಷ್ಟು? ಇನ್ನೊಬ್ಬ ಮೂಳೆ ತಜ್ಞರ ಅಭಿಪ್ರಾಯ ಕೇಳುವುದು ತಪ್ಪಲ್ಲ.

ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಗೆ ನೋಂದಾಯಿಸಿದ್ದರೆ, ದಿನ ಗೊತ್ತು ಮಾಡುವ ಮೊದಲೇ ಸಂಘದ ಕಾರ್ಯದರ್ಶಿಯನ್ನು ಕಂಡು ಈ ಚಿಕಿತ್ಸೆ ಪಟ್ಟಿಯಲ್ಲಿದೆಯೇ, ಯಾವ ಆಸ್ಪತ್ರೆ ಎಂದು ಖಚಿತ ಮಾಡಿಕೊಳ್ಳಿ. ನೋಂದಣಿ ಮಾಡಿಸಿಲ್ಲದವರು ಮುಂದಿನ ಅವಧಿಗೆ ತಪ್ಪಿಸಬೇಡಿ.

ಇನ್ನೊಂದು ನಮ್ಮದೇ ಲೆಕ್ಕ. ಕರು ಹಾಕುವ ಮೊದಲಿನ ಎರಡು ತಿಂಗಳು ಹಸುವಿನ ಹಾಲು ಬತ್ತಿಸುತ್ತೇವೆ. ಆಪರೇಷನ್‌ಗೆ ಅವಸರವಿಲ್ಲ ಎಂದು ವೈದ್ಯರು ಹೇಳಿದರೆ ಆ ಬತ್ತಿಸಿದ ಅವಧಿಯ ಆರಂಭಕ್ಕೇ ದಿನ ಹಿಡಿಯಿರಿ. ಕರೆಯುವ ಕೆಲಸ ಇರುವುದಿಲ್ಲ. ಮೇವು, ನೀರು, ಸಗಣಿಗೆ ಮಾತ್ರ ಜನ ಸಾಕು. ಕರು ಹಾಕುವ ವೇಳೆಗೆ ಒಬ್ಬರ ಸಹಾಯ ಮೊದಲೇ ಗೊತ್ತು ಮಾಡಿಕೊಳ್ಳಿ. ಸಂಘದ ನಾಲ್ಕು ಮನೆಯವರು ಮುಯ್ಯಿಯಾಳಿನ ಲೆಕ್ಕದಲ್ಲಿ ಸರದಿ ಹಾಕಿಕೊಂಡರೆ ಹಸು ಮಾರುವ ಪ್ರಶ್ನೆಯೇ ಬರುವುದಿಲ್ಲ.

ಹೆಣ್ಣುಮಕ್ಕಳ ಕಾಲು

ನಮ್ಮ ಕಾಲು ಹೀಗಾಯಿತು. ಮಕ್ಕಳದ್ದು ಈಗಲೇ ನೋಡಬೇಕು. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ತಜ್ಞರು ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆ ಗುರುತು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6 ಮಂದಿಗೆ ಚಪ್ಪಟೆ ಪಾದ ಇದ್ದರೆ ಬರಿಗಾಲಿನ ಮಕ್ಕಳಲ್ಲಿ ಶೇ. 2.8 ಮಾತ್ರ. ಬೆರಳು ಮುಚ್ಚುವ ಶೂ ಹಾಕುವವರಲ್ಲೇ ಅದು ಹೆಚ್ಚು, ತೆರೆದ ಚಪ್ಪಲಿಯವರಲ್ಲಿ ಕಡಿಮೆ. ಚಪ್ಪಟೆ ಪಾದವೂ ಬನಿಯನ್ನೂ ಒಂದೇ ಅಲ್ಲ. ಆದರೂ ಬೆಳೆಯುವ ಪಾದಕ್ಕೆ ಜಾಗ ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಶಾಲೆಯ ಶೂ ಚಿಕ್ಕದಾದರೂ "ಈ ವರ್ಷ ತಳ್ಳು" ಎನ್ನಬೇಡಿ. ನಾಲ್ಕು ತಿಂಗಳಿಗೊಮ್ಮೆ ಕ್ಯಾಲೆಂಡರ್ ಹಾಳೆಯಲ್ಲಿ ಮಗಳ ಪಾದವನ್ನೂ ಬರೆಯಿರಿ. ಮನೆಗೆ ಬಂದೊಡನೆ ಶೂ ಕಳಚಿಸಿ ಬರಿಗಾಲಲ್ಲಿ ಆಡಲು ಬಿಡಿ. ನಿಮಗೆ ಬನಿಯನ್ ಇದ್ದರೆ ಮಗಳ ಪಾದದ ಮೇಲೆ ಇನ್ನೂ ಸ್ವಲ್ಪ ಹೆಚ್ಚು ಗಮನ ಇರಲಿ.

ಆ ಹಸು ಏನಾಯಿತು?

ಆ ಸದಸ್ಯೆಗೆ ವೈದ್ಯರು ಮೂರು ತಿಂಗಳ ಗಡುವು ಕೊಟ್ಟರು. ಹಿಮ್ಮಡಿ ಪಟ್ಟಿಯ ಅಗಲದ ಚಪ್ಪಲಿ ಒಂದು, ಆಕೆಯದೇ ಅಳತೆಯ ಗಂಬೂಟು ಒಂದು, ಬಡಗಿಯಿಂದ ಮಾಡಿಸಿದ ಮಣೆ ಒಂದು. "ಹಸು ಮಾರಿದ್ರೆ ಬರೋ ದುಡ್ಡಿನ ಮುಂದೆ ಇದೇನು ಮಹಾ" ಎಂದು ಆಕೆ ಎರಡು ಬಟವಾಡೆಯ ಹಣದಲ್ಲಿ ಕೊಂಡರು. ಮೊದಲ ಎರಡು ವಾರ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ತಿಂಗಳ ಮೇಲೆ ಕೆಂಪು ಇಳಿಯಿತು. ಮೂರನೇ ತಿಂಗಳಿಗೆ ಡೇರಿಗೆ ನಿಲ್ಲದೆ ನಡೆದು ಬರುತ್ತಿದ್ದರು. ಮಾತ್ರೆ ಬಿಟ್ಟರು.

ಗಂಟು ಹೋಗಿಲ್ಲ. ಅಷ್ಟೇ ಇದೆ. ಹೆಚ್ಚು ನಡೆದ ದಿನ ಇವತ್ತಿಗೂ ನೋಯುತ್ತದೆ. ಅವರ ಸಂಘದಲ್ಲೇ ಇನ್ನೊಬ್ಬ ಹಿರಿಯ ಸದಸ್ಯೆಗೆ ಇದಾವುದೂ ಸಾಲದೆ ಆಪರೇಷನ್ ಆಯಿತು. ಅವರ ಹಸುಗಳನ್ನು ಏಳು ವಾರ ಅಕ್ಕಪಕ್ಕದವರು ಸರದಿಯಲ್ಲಿ ಕರೆದುಕೊಟ್ಟರು. ಆ ಸರದಿಯಲ್ಲಿ ಈಕೆಯ ಹೆಸರೂ ಇತ್ತು.

ಎರಡು ಹಸುವೂ ಕೊಟ್ಟಿಗೆಯಲ್ಲೇ ಇವೆ. ಮೊನ್ನೆ ಹೋದಾಗ ದಲ್ಲಾಳಿ ಮತ್ತೆ ಬಂದಿದ್ದನೇ ಎಂದು ಕೇಳಿದೆ. "ಬಂದಿದ್ದ. ಚಪ್ಪಲಿ ತೋರಿಸಿ ಕಳಿಸಿದೆ" ಎಂದರು. ಈ ಸಲ ಆಕೆಯೂ ನಕ್ಕರು.

ಈ ವಾರ ಹಸುವಿನ ಗೊರಸು ತೊಳೆಯುವಾಗ ನಿಮ್ಮ ಪಾದವನ್ನೂ ಒಮ್ಮೆ ನೋಡಿಕೊಳ್ಳಿ. ಕ್ಯಾಲೆಂಡರ್ ಹಾಳೆಯಲ್ಲಿ ಗೆರೆ ಎಳೆಯಿರಿ. ಮುಂದಿನ ಸಂಘದ ಸಭೆಗೆ ಆ ಹಾಳೆ ತನ್ನಿ. ಒಟ್ಟಿಗೆ ಕೂತು ಚಪ್ಪಲಿ ಪರೀಕ್ಷೆ ಮಾಡೋಣ.